ನಗದ ಮಕ್ಕಳ ಚಿತ್ರ ಮಗುವಿನ ಕೋಣೆಯಲ್ಲಿ ಇರಬಹುದೇ?

ಪ್ರಶ್ನೆ: ನಾವು ಹುಬ್ಬಳ್ಳಿಯವರು, ನಾಲ್ಕು ವರ್ಷಗಳಿಂದ ಜರ್ಮನಿಯ ಬ್ರೆಮೆನ್ ನಗರದಲ್ಲಿದ್ದೇವೆ. ಕಳೆದ ಬೇಸಿಗೆಯಲ್ಲಿ ಏಳು ವರ್ಷದ ಮಗಳನ್ನು ಇಲ್ಲಿನ ಪೌಲಾ ಮೋಡರ್‌ಸೋನ್-ಬೆಕರ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದಾಗ, ಬರ್ಚ್ ಮರಗಳ ನಡುವೆ ಬೆಕ್ಕನ್ನು ಎತ್ತಿಕೊಂಡು ನಿಂತ ಹುಡುಗಿಯ ಚಿತ್ರವೊಂದು ಅವಳಿಗೆ ತುಂಬ ಹಿಡಿಸಿತು. ಹಟ ಮಾಡಿ ಅದರ ಮುದ್ರಿತ ಪ್ರತಿಯನ್ನು ಕೊಡಿಸಿಕೊಂಡಳು. ಚೌಕಟ್ಟು ಹಾಕಿಸಿ ಅವಳ ಮಂಚದ ಎದುರಿನ ಗೋಡೆಗೆ ತೂಗುಹಾಕಿದ್ದೇವೆ. ನಾನೀಗ ಏಳು ತಿಂಗಳ ಗರ್ಭಿಣಿ. ಬಾಣಂತನಕ್ಕೆಂದು ಬಂದಿರುವ ಅತ್ತೆಯವರು ಅದನ್ನು ನೋಡಿದ ದಿನದಿಂದ, “ಆ ಕೂಸಿನ ಮುಖದಾಗ ಕಳೆ ಇಲ್ಲ, ಜಡ್ಡಾಗಿ ಮಲಗಿ ಎದ್ದಂಗೈತಿ, ತಗದ ಇಡ್ರಿ” ಎನ್ನುತ್ತಿದ್ದಾರೆ. ಅದನ್ನು ಬರೆದ ಕಲಾವಿದೆ ಪೌಲಾಳ ಬಗ್ಗೆ ಓದಲು ಹೋದರೆ, ಆಕೆ ಗಂಡನನ್ನೂ ಮಗುವನ್ನೂ ಬಿಟ್ಟು ಪ್ಯಾರಿಸ್ಸಿಗೆ ಹೋದವಳು, ಹೆರಿಗೆಯಾಗಿ ಮೂರು ವಾರವೂ ತುಂಬದೆ ತೀರಿಕೊಂಡವಳು ಎಂದು ತಿಳಿಯಿತು. ಇದನ್ನು ಅತ್ತೆಯವರಿಗೆ ಹೇಳಿಲ್ಲ. ಆದರೆ ಈಗ ನನ್ನ ಮನಸ್ಸೇ ಅಳುಕುತ್ತಿದೆ. ತೆಗೆದರೆ ಮಗಳು ಅಳುತ್ತಾಳೆ. ಆ ಮಕ್ಕಳು ನಿಜವಾಗಿಯೂ ಕಾಯಿಲೆಯವರೇ? ಚಿತ್ರವನ್ನು ಇಟ್ಟುಕೊಳ್ಳಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಚಿತ್ರದಲ್ಲಿರುವ ಮಗು ದುಃಖದಲ್ಲಿದೆಯೇ ಎಂಬುದು ಅತ್ತೆಯವರದು. ಮಕ್ಕಳನ್ನು ಬರೆದ ಕೈ ಮಕ್ಕಳಿಗೆ ಒಳ್ಳೆಯದಾಗಿತ್ತೇ ಎಂಬುದು ನಿಮ್ಮದು. ಆಕೆಯ ಸಾವಿನ ನೆರಳು ನಿಮ್ಮ ಹೆರಿಗೆಯ ಮೇಲೆ ಬೀಳುತ್ತದೆಯೇ ಎಂಬುದು ನೀವು ಬಾಯಿಬಿಟ್ಟು ಕೇಳದೆ ಹೋದದ್ದು. ಇವನ್ನು ಬೇರೆಬೇರೆಯಾಗಿ ನೋಡಿದರೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ. ಯುರೋಪಿನ ಚಿತ್ರಕಲೆಯ ಇತಿಹಾಸವನ್ನು ಬಹುಕಾಲದಿಂದ ಪಾಠ ಹೇಳಿಕೊಂಡು ಬಂದಿರುವ ನನಗೆ ಈ ಕಲಾವಿದೆಯ ವಿಷಯದಲ್ಲಿ ಹೆಚ್ಚಾಗಿ ಎದುರಾಗುವುದು ಅತ್ತೆಯವರ ಪ್ರಶ್ನೆಯೇ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಅತ್ತೆಯವರಿಗೆ ಚಿತ್ರ ನೋಡಲು ಬರುವುದಿಲ್ಲ ಎಂದು ದಯವಿಟ್ಟು ಭಾವಿಸಬೇಡಿ. ಅವರಿಗೆ ಅನ್ನಿಸಿದ್ದು ಕಲಾವಿದೆಯ ಗಂಡನಿಗೂ ಅನ್ನಿಸಿತ್ತು. ಒಟ್ಟೊ ಮೋಡರ್‌ಸೋನ್ ಸ್ವತಃ ಹೆಸರಾಂತ ಚಿತ್ರಕಾರ, ಹೆಂಡತಿಯ ಪ್ರತಿಭೆಯನ್ನು ಎಲ್ಲರಿಗಿಂತ ಮೊದಲು ಗುರುತಿಸಿದವರಲ್ಲಿ ಒಬ್ಬ. ಆದರೂ 1903ರ ಸೆಪ್ಟೆಂಬರಿನ ತನ್ನ ದಿನಚರಿಯಲ್ಲಿ ಆತ, ಅವಳ ಚಿತ್ರಗಳಲ್ಲಿ ಕೈಗಳು ಚಮಚದಂತೆ, ಬಾಯಿ ಗಾಯದಂತೆ ಕಾಣುತ್ತವೆ, ಅಂಗೈಯಗಲದ ಜಾಗದಲ್ಲಿ ಎರಡು ತಲೆ ನಾಲ್ಕು ಕೈ ತುರುಕುತ್ತಾಳೆ, ಅದೂ ಮಕ್ಕಳದು ಎಂದು ಬೇಸರಪಟ್ಟುಕೊಂಡ. ಅದಕ್ಕೂ ನಾಲ್ಕು ವರ್ಷ ಮೊದಲು, 1899ರ ಡಿಸೆಂಬರಿನಲ್ಲಿ, ಬ್ರೆಮೆನ್ನಿನ ಕಲಾಭವನದಲ್ಲಿ ಆಕೆಯ ಕೆಲವು ಚಿತ್ರಗಳು ಮೊದಲ ಸಲ ಪ್ರದರ್ಶನಗೊಂಡಾಗ ಆರ್ಥರ್ ಫಿಟ್ಗರ್ ಎಂಬ ಪ್ರಭಾವಿ ವಿಮರ್ಶಕ ಪತ್ರಿಕೆಯಲ್ಲಿ ಎಷ್ಟು ಕಟುವಾಗಿ ಬರೆದನೆಂದರೆ ಚಿತ್ರಗಳನ್ನು ಪ್ರದರ್ಶನದಿಂದ ಇಳಿಸಿಕೊಳ್ಳಬೇಕಾಯಿತು. ಅಂದರೆ ಈ ಮಕ್ಕಳ ಮುಖಗಳು ಕಂಡವರನ್ನು ಮೊದಲ ನೋಟಕ್ಕೆ ತಡೆದು ನಿಲ್ಲಿಸುತ್ತವೆ ಎಂಬುದು ನಿಜ. ಅವು ಕಾಯಿಲೆಯ ಮುಖಗಳು ಎಂಬುದು ಮಾತ್ರ ನಿಜವಲ್ಲ.

ಆ ಕಾಲದಲ್ಲಿ ಮಕ್ಕಳ ಭಾವಚಿತ್ರವೆಂದರೆ ಹೇಗಿರುತ್ತಿತ್ತು ಎಂಬುದನ್ನು ಸ್ವಲ್ಪ ಎದುರಿಗಿಟ್ಟುಕೊಳ್ಳಬೇಕು. ಪಟ್ಟಣದ ಸಿರಿವಂತರು ಬರೆಸುತ್ತಿದ್ದ ಚಿತ್ರಗಳಲ್ಲಿ ಕಸೂತಿಯ ಕಾಲರು, ರಿಬ್ಬನ್ನು, ಕೈಯಲ್ಲೊಂದು ಗೊಂಬೆ ಇರುತ್ತಿದ್ದವು. ಮಗು ನೋಡುವವರನ್ನು ಮೆಚ್ಚಿಸಲೆಂದೇ ನಿಂತಿರುತ್ತಿತ್ತು. ಹಳ್ಳಿಯ ಮಕ್ಕಳಾದರೆ ಕರುಣೆ ಉಕ್ಕಿಸುವಂತೆ ಬರೆಯುವುದು ರೂಢಿ. ಪೌಲಾಳ ಗುರು ಫ್ರಿಟ್ಸ್ ಮಾಕೆನ್ಸೆನ್ 1892ರಲ್ಲಿ ಬರೆದ, ಈಗಲೂ ನಿಮ್ಮ ಊರಿನ ಕಲಾಭವನದಲ್ಲಿರುವ ದೊಡ್ಡ ಚಿತ್ರದಲ್ಲಿ ಬಡ ರೈತ ಹೆಂಗಸೊಬ್ಬಳು ಗಾಡಿಯ ಮೇಲೆ ಕೂತು ಮಗುವಿಗೆ ಹಾಲೂಡುತ್ತಿದ್ದಾಳೆ; ಅವಳನ್ನು ಮೇರಿ ಮಾತೆಯಂತೆ ತೋರಿಸಬೇಕೆಂಬ ಆಸೆ ಅದರಲ್ಲಿ ಎದ್ದು ಕಾಣುತ್ತದೆ. ಪೌಲಾ ಈ ಎರಡು ದಾರಿಗಳನ್ನೂ ಬಿಟ್ಟಳು. ಅವಳ ಮಗು ನಮಗಾಗಿ ನಗುವುದಿಲ್ಲ, ನಮ್ಮ ಕನಿಕರವನ್ನೂ ಬೇಡುವುದಿಲ್ಲ. ತನ್ನ ಪಾಡಿಗೆ ತಾನು ಯೋಚಿಸುತ್ತ ನಿಂತಿರುತ್ತದೆ. ದೊಡ್ಡವರ ಭಾವಚಿತ್ರಕ್ಕೆ ಮಾತ್ರ ಮೀಸಲಾಗಿದ್ದ ಗಾಂಭೀರ್ಯವನ್ನು ಆಕೆ ಐದಾರು ವರ್ಷದ ಮಕ್ಕಳಿಗೂ ಕೊಟ್ಟಳು. ನನ್ನ ದೃಷ್ಟಿಯಲ್ಲಿ ಆಕೆಯ ದೊಡ್ಡ ಸಾಧನೆ ಇದೇ.

ಇನ್ನೊಂದು ಸರಳ ಕಾರಣವೂ ಇದೆ. ಚಿತ್ರಕ್ಕೆಂದು ಕೂತ ಯಾರೂ ಅಷ್ಟು ಹೊತ್ತು ನಗುವನ್ನು ಹಿಡಿದಿಟ್ಟುಕೊಳ್ಳಲಾರರು. ಮಕ್ಕಳಂತೂ ಸ್ವಲ್ಪ ಹೊತ್ತಿನಲ್ಲೇ ಸುಮ್ಮನಾಗಿ ಎಲ್ಲೋ ದಿಟ್ಟಿಸತೊಡಗುತ್ತಾರೆ. ಹಿಂದಿನ ಚಿತ್ರಕಾರರು ಆ ಮೌನದ ಮೇಲೆ ಒಂದು ನಗೆಯನ್ನು ಬರೆದು ಸೇರಿಸುತ್ತಿದ್ದರು, ಪೌಲಾ ಸೇರಿಸಲಿಲ್ಲ. ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ ಸಾಲಾಗಿ ತೂಗುಹಾಕಿರುವ ಸ್ಟುಡಿಯೋ ಫೋಟೊಗಳನ್ನು ನೆನಪಿಸಿಕೊಳ್ಳಿ. ಅಜ್ಜ, ಅಜ್ಜಿ, ಮಧ್ಯದಲ್ಲಿ ಬೆಳ್ಳಿ ಉಡಿದಾರ ಕಟ್ಟಿದ ಕೂಸು, ಯಾರೊಬ್ಬರೂ ನಗುತ್ತಿರುವುದಿಲ್ಲ. ಅವರೆಲ್ಲ ದುಃಖದಲ್ಲಿದ್ದರು ಎಂದು ಅತ್ತೆಯವರು ಖಂಡಿತ ಹೇಳಲಾರರು. ಅವರೊಂದಿಗೆ ಮಾತನಾಡಲು ನಿಮಗೆ ಇದಕ್ಕಿಂತ ಹತ್ತಿರದ ದಾರಿ ನನಗೆ ತೋಚುವುದಿಲ್ಲ.

ಚಿತ್ರಗಳಲ್ಲಿರುವ ಮಕ್ಕಳು ಯಾರು ಎಂಬುದನ್ನೂ ತಿಳಿದಿರಿ. ಬ್ರೆಮೆನ್ನಿನಿಂದ ಸುಮಾರು 20 ಕಿಲೋಮೀಟರ್ ದೂರದ ವೋರ್ಪ್ಸ್‌ವೇಡೆ ಎಂಬ ಹಳ್ಳಿ ವಿಶಾಲವಾದ ಜವುಗುಭೂಮಿಯ ಅಂಚಿನಲ್ಲಿದೆ. ಜವುಗಿನ ಕರಿಮಣ್ಣನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ದೋಣಿಯಲ್ಲಿ ಪಟ್ಟಣಕ್ಕೆ ಸಾಗಿಸಿ ಉರುವಲಾಗಿ ಮಾರುವುದು ಅಲ್ಲಿನ ಬಡವರ ಬದುಕಾಗಿತ್ತು. 1889ರಿಂದ ಅಲ್ಲಿ ಚಿತ್ರಕಾರರು ನೆಲೆಸತೊಡಗಿದ್ದರು. ಪೌಲಾ 1897ರ ಬೇಸಿಗೆಯಲ್ಲಿ ಮೊದಲು ಬಂದು, ಮರುವರ್ಷ ಅಲ್ಲೇ ಉಳಿದಳು. ಆಕೆಗೆ ಮಾದರಿಯಾಗಿ ಕೂತವರು ಜವುಗಿನಲ್ಲಿ ದುಡಿಯುವವರ ಮಕ್ಕಳು, ಹಳ್ಳಿಯ ಅನಾಥಾಲಯದಂತಿದ್ದ ಬಡವರ ಮನೆಯ ನಿವಾಸಿಗಳು, ತಂಗಿತಮ್ಮಂದಿರನ್ನು ಸೊಂಟದ ಮೇಲೆ ಹೊತ್ತು ಬೆಳೆಸುತ್ತಿದ್ದ ಪುಟ್ಟ ಅಕ್ಕಂದಿರು. ಒಟ್ಟೊ ದೂರಿದ ಎರಡು ತಲೆ ನಾಲ್ಕು ಕೈಗಳು ಇಂಥ ಒಡಹುಟ್ಟಿದವರವು. ಆ ಮಕ್ಕಳ ಬಡತನ ಸುಳ್ಳಲ್ಲ. ಆದರೆ ಆಕೆ ಬರೆದದ್ದು ಬಡತನವನ್ನಲ್ಲ.

ಒಂದು ಚಿತ್ರವನ್ನು ಹತ್ತಿರದಿಂದ ನೋಡೋಣ. 1902ರ “ಎಲ್ಸ್‌ಬೆತ್” ಎಂಬ ಚಿತ್ರದಲ್ಲಿ ಮೂರು ವರ್ಷ ದಾಟಿದ ಹುಡುಗಿಯೊಬ್ಬಳು ರೈತರ ಮನೆಯ ಸೇಬಿನ ತೋಟದಲ್ಲಿ ನಿಂತಿದ್ದಾಳೆ. ಪಕ್ಕದಲ್ಲಿ ಗಂಟೆಯಾಕಾರದ ಹೂ ಬಿಟ್ಟ ಭಾರಿ ಫಾಕ್ಸ್‌ಗ್ಲೋವ್ ಗಿಡ, ಹಿಂದೆ ಕೋಳಿಗಳು. ನಿಂತು ಬರೆದ ಚಿತ್ರಕಾರ್ತಿ ಮಗುವನ್ನು ಮೇಲಿನಿಂದ ನೋಡಿಲ್ಲ. ಮಗುವಿನ ಎತ್ತರಕ್ಕೆ ಇಳಿದು ನೋಡಿದ್ದಾಳೆ, ಹಾಗಾಗಿಯೇ ಆ ಗಿಡ ಅಷ್ಟು ದೊಡ್ಡದು. ಮೂರು ವರ್ಷದವರಿಗೆ ಹೂಗಿಡ ಇರುವುದೇ ಹಾಗೆ. ಇದನ್ನು ನೋಡಿ ಒಟ್ಟೊ ದಿನಚರಿಯಲ್ಲಿ ಮನಸಾರೆ ಹೊಗಳಿದ್ದಾನೆ. ಒಂದೇ ವರ್ಷದ ಅಂತರದಲ್ಲಿ ಅವನ ಮೆಚ್ಚುಗೆಯೂ ಬೇಸರವೂ ಎರಡೂ ದಾಖಲಾಗಿವೆ. ಎಲ್ಸ್‌ಬೆತ್ ಯಾರೆಂಬುದನ್ನು ಮುಂದೆ ಹೇಳುತ್ತೇನೆ, ಏಕೆಂದರೆ ನಿಮ್ಮ ಎರಡನೆಯ ಅಳುಕು ಅವಳಿಗೆ ಸಂಬಂಧಿಸಿದ್ದು.

ಮುದ್ರಿತ ಪ್ರತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಪೌಲಾ ಅನೇಕ ಚಿತ್ರಗಳನ್ನು ಕ್ಯಾನ್ವಾಸಿನ ಬದಲು ಅಗ್ಗದ ರಟ್ಟಿನ ಮೇಲೆ, ಹೊಳಪಿಲ್ಲದ ಮಂಕು ಬಣ್ಣಗಳಲ್ಲಿ ಬರೆದಳು. ಹಸಿ ಬಣ್ಣದ ಮೇಲೆ ಕುಂಚದ ಹಿಡಿಯ ತುದಿಯಿಂದ ಗೀಚುವುದು ಅವಳ ಅಭ್ಯಾಸ. ಮೂಲ ಚಿತ್ರದ ಮುಂದೆ ಒಂದು ಪಕ್ಕಕ್ಕೆ ನಿಂತು ನೋಡಿದರೆ ಕೂದಲಲ್ಲಿ, ಬಟ್ಟೆಯಲ್ಲಿ ಉತ್ತ ಹೊಲದ ಸಾಲುಗಳಂತೆ ಗೆರೆಗಳು ಕಾಣುತ್ತವೆ. ವಸ್ತುಗಳ ಮೇಲ್ಮೈಯ ಆ ನವಿರಾದ ಮಿಡಿತವನ್ನು ಹಿಡಿಯಬೇಕೆಂದು ಆಕೆ 1903ರಲ್ಲಿ ದಿನಚರಿಯಲ್ಲಿ ಬರೆದುಕೊಂಡಿದ್ದಳು. ಅದೇ ವರ್ಷ ಪ್ಯಾರಿಸ್ಸಿನಲ್ಲಿ, ಈಜಿಪ್ಟಿನ ಫಯ್ಯೂಮ್ ಪ್ರದೇಶದಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಹಲಗೆಯ ಮೇಲೆ ಬರೆದ ಭಾವಚಿತ್ರಗಳು ಆಕೆಯನ್ನು ಸೆಳೆದವು. ನೇರ ನೋಟ, ದೊಡ್ಡ ಕಪ್ಪು ಕಣ್ಣು, ಚೌಕಟ್ಟಿನ ತುಂಬ ಮುಖ ಅಲ್ಲಿಂದ ಬಂದವು. ನುಣುಪು ಕಾಗದದ ಮೇಲೆ ಮುದ್ರಿಸಿದಾಗ ಆ ಗೆರೆಗಳೆಲ್ಲ ಮಾಯವಾಗಿ ಮೈಬಣ್ಣ ಮಾತ್ರ ಬಿಳಿಚಿಕೊಂಡು ಉಳಿಯುತ್ತದೆ. ಅತ್ತೆಯವರು ಕಂಡ “ಜಡ್ಡು” ಬಹುಪಾಲು ಮುದ್ರಣದ ದೋಷವೇ ಇರಬಹುದು ಎಂಬುದು ನನ್ನ ಅನುಮಾನ.

ಈಗ ಆಕೆಯ ಬದುಕಿನ ಮಾತು. ಪೌಲಾ ಬೆಕರ್ ಹುಟ್ಟಿದ್ದು 1876ರ ಫೆಬ್ರವರಿ 8ರಂದು, ಡ್ರೆಸ್ಡೆನ್ ನಗರದಲ್ಲಿ. ರೈಲ್ವೆ ಎಂಜಿನಿಯರರ ಏಳು ಮಕ್ಕಳಲ್ಲಿ ಮೂರನೆಯವಳು. ಹತ್ತು ವರ್ಷದವಳಿದ್ದಾಗ ಮರಳುಗುಂಡಿಯಲ್ಲಿ ಆಡುತ್ತಿದ್ದ ಮಕ್ಕಳ ಮೇಲೆ ಮರಳು ಕುಸಿದು, ಜಾವಾದಲ್ಲಿ ಬೆಳೆದು ಬಂದಿದ್ದ ಕೋರಾ ಎಂಬ ಪ್ರೀತಿಯ ಸೋದರಸಂಬಂಧಿ ಅವಳ ಕಣ್ಣೆದುರೇ ಸತ್ತಳು. ನೋಡಲಾರದೆ ಪೌಲಾ ಮತ್ತು ಜೊತೆಗಿದ್ದ ಇನ್ನೊಬ್ಬ ಹುಡುಗಿ ಮರಳಿನಲ್ಲಿ ಮುಖ ಹುದುಗಿಸಿಕೊಂಡರು. ವರ್ಷಗಳ ನಂತರ ಕವಿ ರಿಲ್ಕೆಗೆ ಬರೆದ ಪತ್ರದಲ್ಲಿ ಆಕೆ ಕೋರಾಳನ್ನು ತನ್ನ ಬದುಕಿನ ಮೊದಲ ಘಟನೆ ಎಂದು ನೆನೆದಿದ್ದಾಳೆ. ಮಕ್ಕಳನ್ನು ಆಟದ ಬೊಂಬೆಗಳೆಂದು ಆಕೆ ಎಂದೂ ಕಾಣದಿರುವುದಕ್ಕೆ ಈ ನೆನಪೂ ಕಾರಣವಾಗಿರಬಹುದು ಎಂದು ನಾನು ನಂಬುತ್ತೇನೆ. ಕುಟುಂಬ 1888ರಲ್ಲಿ ಬ್ರೆಮೆನ್ನಿಗೆ ಬಂತು. ತಂದೆಯ ಒತ್ತಾಯಕ್ಕೆ ಶಿಕ್ಷಕಿಯ ತರಬೇತಿ ಮುಗಿಸಿದಳು. ಸರಕಾರಿ ಕಲಾ ಅಕಾಡೆಮಿಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದಿದ್ದ ಕಾರಣ ಬರ್ಲಿನ್ನಿನಲ್ಲಿ ಕಲಾವಿದೆಯರ ಸಂಘವೇ ನಡೆಸುತ್ತಿದ್ದ ಶಾಲೆಯಲ್ಲಿ ಕಲಿತಳು. 1900ರ ಹೊಸ ವರ್ಷಕ್ಕೆ ಪ್ಯಾರಿಸ್ಸಿನ ರೈಲು ಹತ್ತಿದಳು.

ಮಗುವನ್ನು ಬಿಟ್ಟು ಹೋದವಳು ಎಂಬ ಮಾತಿಗೆ ಬರೋಣ. ಎಲ್ಸ್‌ಬೆತ್ ಅವಳ ಹೊಟ್ಟೆಯ ಮಗುವಲ್ಲ. ಒಟ್ಟೊನ ಮೊದಲ ಹೆಂಡತಿ 1900ರಲ್ಲಿ ತೀರಿಕೊಂಡಾಗ ಅವಳಿಗೆ ಎರಡು ವರ್ಷವೂ ತುಂಬಿರಲಿಲ್ಲ. 1901ರ ಮೇ ತಿಂಗಳಲ್ಲಿ ಪೌಲಾ ಒಟ್ಟೊನನ್ನು ಮದುವೆಯಾಗಿ ಆ ಮಗುವಿಗೆ ತಾಯಿಯಾದಳು. 1906ರ ಫೆಬ್ರವರಿಯಲ್ಲಿ ಮನೆ ಬಿಟ್ಟು ಪ್ಯಾರಿಸ್ಸಿಗೆ ಹೋದದ್ದು ನಿಜ. ಆಗ ಎಲ್ಸ್‌ಬೆತ್‌ಗೆ ಏಳು ವರ್ಷ, ನಿಮ್ಮ ಮಗಳ ವಯಸ್ಸೇ. ಅದು ಆ ಮಗುವಿಗೆ ನೋವಾಗಿರಲಾರದು ಎಂದು ನಾನು ಹೇಳುವುದಿಲ್ಲ. ಆದರೆ ತಂದೆ ಮನೆಯಲ್ಲೇ ಇದ್ದ, ಪತ್ರಗಳು ನಡೆಯುತ್ತಲೇ ಇದ್ದವು. ಬೇರೆಯಾಗೋಣ ಎಂದು ಸೆಪ್ಟೆಂಬರಿನಲ್ಲಿ ಬರೆದವಳು ಒಂದೇ ವಾರದಲ್ಲಿ ಮನಸ್ಸು ಬದಲಿಸಿದಳು, ಒಟ್ಟೊನೇ ಪ್ಯಾರಿಸ್ಸಿಗೆ ಬಂದು ಚಳಿಗಾಲವನ್ನು ಅವಳೊಂದಿಗೆ ಕಳೆದ, 1907ರ ವಸಂತದಲ್ಲಿ ಇಬ್ಬರೂ ಹಳ್ಳಿಗೆ ಮರಳಿದರು. ತಾನಿನ್ನು ಮೋಡರ್‌ಸೋನ್ ಅಲ್ಲ, ಪೌಲಾ ಬೆಕರ್ ಕೂಡ ಅಲ್ಲ, ತಾನು ತಾನೇ, ಇನ್ನಷ್ಟು ತಾನಾಗುವ ಆಸೆ ತನ್ನದು ಎಂದು ಆಕೆ ಹೊರಡುವ ಮುನ್ನ ರಿಲ್ಕೆಗೆ ಬರೆದಿದ್ದಳು. ಅದರಲ್ಲಿ ಮಗುವಿನ ಮೇಲಿನ ಬೇಸರವನ್ನು ಓದುವುದು ಅನ್ಯಾಯ.

ತನಗೆ ಮಕ್ಕಳಿಲ್ಲದ ಕೊರಗಿಗೆ ಊರ ಮಕ್ಕಳನ್ನು ಬರೆದಳು ಎಂಬ ಕತೆಯೂ ನಿಮ್ಮ ಕಿವಿಗೆ ಬೀಳಬಹುದು. ಕಾಲಾನುಕ್ರಮ ನೋಡಿದರೆ ಅದು ನಿಲ್ಲುವುದಿಲ್ಲ; ಮದುವೆಗೆ ಮೂರು ವರ್ಷ ಮೊದಲೇ ಆಕೆ ಮಕ್ಕಳನ್ನು ಬರೆಯಲು ತೊಡಗಿದ್ದಳು. ಹಾಗೆಯೇ 1906ರ ಮೇ ತಿಂಗಳಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತನ್ನನ್ನೇ ಬಸುರಿಯಂತೆ ಬರೆದುಕೊಂಡ ಪ್ರಸಿದ್ಧ ಚಿತ್ರ, ನೀವು ಹೋಗಿದ್ದ ಮ್ಯೂಸಿಯಮ್ಮಿನಲ್ಲೇ ಇರುವುದು, ಆಕೆ ಬಸುರಿಯಲ್ಲದಿದ್ದಾಗ ಬರೆದದ್ದು.

ಮೂರನೆಯ ಆತಂಕದ ವಿಷಯದಲ್ಲಿ ನಾನು ವೈದ್ಯನಲ್ಲದಿದ್ದರೂ ಮುಚ್ಚುಮರೆ ಮಾಡುವುದಿಲ್ಲ. ಮಗಳು ಮಟಿಲ್ಡೆ 1907ರ ನವೆಂಬರ್ 2ರಂದು ಕಷ್ಟದ ಹೆರಿಗೆಯಲ್ಲಿ ಹುಟ್ಟಿದಳು. ಬಾಣಂತಿ ಹಾಸಿಗೆ ಬಿಟ್ಟು ಏಳಕೂಡದೆಂಬುದು ಆ ಕಾಲದ ವೈದ್ಯರ ಕಟ್ಟಪ್ಪಣೆ. ಸುಮಾರು ಎರಡೂವರೆ ವಾರ ಮಲಗಿದ್ದವಳಿಗೆ ಏಳಲು ಅನುಮತಿ ಸಿಕ್ಕ ದಿನ, ತಲೆ ಬಾಚಿಕೊಂಡು, ಕುರ್ಚಿಯಲ್ಲಿ ಕೂತು, ಮಗುವನ್ನು ತರಿಸಿಕೊಂಡಳು, ಅಷ್ಟರಲ್ಲಿ ಕುಸಿದಳು. ಬಾಯಿಂದ ಬಂದ ಕೊನೆಯ ಮಾತು “ಷಾಡೆ”, ನಮ್ಮ “ಛೇ” ಎಂಬಂಥ ಒಂದು ಪದ. ವಯಸ್ಸು 31. ಬಹುದಿನ ಅಲುಗಾಡದೆ ಮಲಗಿದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಎದ್ದಾಗ ಆ ಹೆಪ್ಪು ಸರಿದು ಶ್ವಾಸಕೋಶದ ನಾಳವನ್ನು ಮುಚ್ಚುವುದು ಇಂಥ ಸಾವಿನ ಕಾರಣ. ಈಗ ಹೆರಿಗೆಯಾದವರನ್ನು ಸಾಧ್ಯವಾದಷ್ಟು ಬೇಗ ಎಬ್ಬಿಸಿ ನಡೆಸುತ್ತಾರೆ, ಅಪಾಯ ಹೆಚ್ಚಿರುವವರಿಗೆ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಡುತ್ತಾರೆ. ಹೀಗಾಗಿ ಆಕೆಯ ಸಾವು ನಿಮಗೆ ಅಪಶಕುನವಲ್ಲ. ಅದರಿಂದ ಕೆಲಸಕ್ಕೆ ಬರುವ ಒಂದು ಮಾತು ಮಾತ್ರ ಇದೆ. ನಮ್ಮ ಬಾಣಂತನದಲ್ಲೂ ಕಾಲು ನೆಲಕ್ಕಿಡಬೇಡ ಎನ್ನುವ ಹಿರಿಯರಿದ್ದಾರೆ. ಎಷ್ಟು ಮಲಗಬೇಕು, ಯಾವಾಗ ನಡೆಯಬೇಕು ಎಂಬುದನ್ನು ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನಿಮ್ಮ ವೈದ್ಯರನ್ನೂ, ಅಲ್ಲಿ ಹೆರಿಗೆಯ ನಂತರ ಮನೆಗೇ ಬರುವ ಸೂಲಗಿತ್ತಿಯನ್ನೂ ಕೇಳಿ. ಕಾಲು ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಕಂಡರೆ ಒಂದು ಗಳಿಗೆಯೂ ಕಾಯಬೇಡಿ.

ಟಿಲ್ಲೆ ಎಂದು ಎಲ್ಲರೂ ಕರೆಯುತ್ತಿದ್ದ ಆ ಹಸುಗೂಸು 90 ವರ್ಷ ಬಾಳಿ, 1978ರಲ್ಲಿ ತಾಯಿಯ ಹೆಸರಿನ ಪ್ರತಿಷ್ಠಾನವನ್ನು ಸ್ಥಾಪಿಸಿ, 1998ರಲ್ಲಿ ತೀರಿಕೊಂಡಳು. ಇದನ್ನು ಅತ್ತೆಯವರಿಗೆ ಮೊದಲು ಹೇಳಿ. ಕೆಫೀನ್ ತೆಗೆದ ಕಾಫಿಯನ್ನು ಮಾರಿ ಶ್ರೀಮಂತನಾದ ಬ್ರೆಮೆನ್ನಿನ ಲುಡ್ವಿಗ್ ರೊಸೇಲಿಯುಸ್ 1927ರಲ್ಲಿ ನೀವು ನೋಡಿ ಬಂದ ಮ್ಯೂಸಿಯಮ್ಮನ್ನು ತೆರೆದ. ಒಬ್ಬ ಚಿತ್ರಕಾರ್ತಿಗಾಗಿಯೇ ಮೀಸಲಾದ ಜಗತ್ತಿನ ಮೊದಲ ಮ್ಯೂಸಿಯಂ ಅದು. ಹತ್ತು ವರ್ಷದ ನಂತರ ನಾಜಿಗಳು ಜರ್ಮನಿಯ ಸಂಗ್ರಹಗಳಿಂದ ಆಕೆಯ ಸುಮಾರು 70 ಕೃತಿಗಳನ್ನು ಕೀಳು ಕಲೆಯೆಂದು ಹೊರಹಾಕಿದರು. ಹದಿನಾಲ್ಕೇ ವರ್ಷಗಳ ದುಡಿಮೆಯಲ್ಲಿ ಆಕೆ 700ಕ್ಕೂ ಹೆಚ್ಚು ವರ್ಣಚಿತ್ರಗಳನ್ನು ಬರೆದಿದ್ದಳು. ಬದುಕಿದ್ದಾಗ ಮಾರಾಟವಾದದ್ದು ಬೆರಳೆಣಿಕೆಯಷ್ಟು.

ಇನ್ನು ನೀವು ಏನು ಮಾಡಬಹುದು? ಇರುವಲ್ಲೇ ಬಿಡುವುದು ನನಗೆ ಇಷ್ಟವಾದ ದಾರಿ, ಏಕೆಂದರೆ ನಿಮ್ಮ ಮಗಳು ಯಾರೂ ಹೇಳಿಕೊಡದೆ ತಾನೇ ಆರಿಸಿಕೊಂಡ ಚಿತ್ರ ಅದು, ಅವಳಿಗೆ ಅದರ ಭಯವಿಲ್ಲ. ಆದರೆ ಬಾಣಂತನಕ್ಕೆ ಬಂದ ಹಿರಿಯರ ಮನಸ್ಸು ದಿನವೂ ಮುದುಡುತ್ತಿದ್ದರೆ ಅದರ ಭಾರ ನಿಮ್ಮ ಮೇಲೇ ಬೀಳುತ್ತದೆ. ಅಂಥ ಸ್ಥಿತಿಯಲ್ಲಿ ಚಿತ್ರವನ್ನು ಕೆಲವು ತಿಂಗಳು ನಡುಮನೆಗೆ ವರ್ಗಾಯಿಸುವುದರಲ್ಲಿ ತಪ್ಪಿಲ್ಲ. ಮಾಡುವುದಾದರೆ ಮಗಳ ಕೈಯಿಂದಲೇ ಜಾಗ ಆರಿಸಿ, ಅವಳು ಶಾಲೆಗೆ ಹೋದಾಗ ತೆಗೆದಿಡಬೇಡಿ. ಹುಟ್ಟಲಿರುವ ಕೂಸಿನ ಸಲುವಾಗಿ ತನ್ನ ಚಿತ್ರ ಹೋಯಿತೆಂದು ಅವಳಿಗೆ ಅನ್ನಿಸಿದರೆ ಆ ಗಾಯ ಚಿತ್ರಕ್ಕಿಂತ ದೊಡ್ಡದು. ಬದಲಿಗೆ ಬೇರೆ ನಗುಮುಖದ ಚಿತ್ರ ತರುವ ಯೋಚನೆಯನ್ನು ನಾನು ಬೆಂಬಲಿಸುವುದಿಲ್ಲ. ಹೊರಗೋಡೆಗೆ ತೂಗುಹಾಕಿದ್ದರೆ ಚಳಿಗಾಲದಲ್ಲಿ ಚೌಕಟ್ಟಿನ ಹಿಂದೆ ತೇವ ಕೂತು ಬೂಸ್ಟು ಹಿಡಿಯುತ್ತದೆ. ಹಿಂಬದಿಯ ನಾಲ್ಕು ಮೂಲೆಗೆ ಚಿಕ್ಕ ಬೆಂಡಿನ ತುಂಡುಗಳನ್ನು ಅಂಟಿಸಿ ಗಾಳಿಯಾಡಲು ಬಿಡಿ. ರಾತ್ರಿ ಬೀದಿದೀಪ ಗಾಜಿನ ಮೇಲೆ ಬಿದ್ದು ಮುಖ ವಿಕಾರವಾಗಿ ಕಾಣುತ್ತಿದೆಯೇ ಎಂಬುದನ್ನು ಒಮ್ಮೆ ಮಗಳ ಮಂಚದ ಮೇಲೆ ಮಲಗಿ ನೋಡಿ. ಹಾಗಿದ್ದರೆ ಪ್ರತಿಫಲಿಸದ ಗಾಜು ಹಾಕಿಸಿ.

ಸಾಧ್ಯವಾದರೆ ಅತ್ತೆಯವರನ್ನು ಮ್ಯೂಸಿಯಮ್ಮಿಗೂ ಕಲಾಭವನಕ್ಕೂ ಕರೆದುಕೊಂಡು ಹೋಗಿ. ಪೌಲಾ ಬರೆದ ಹಸುಗೂಸು ಮತ್ತು ತಾಯಿಯ ಕೈ ಎಂಬ ಚಿತ್ರವನ್ನು ಹುಡುಕಿ ತೋರಿಸಿ; ಅದರಲ್ಲಿ ತಾಯಿಯ ಮುಖವಿಲ್ಲ, ಕೂಸನ್ನು ಆಸರೆಯಾಗಿ ಹಿಡಿದ ಕೈ ಮಾತ್ರ ಇದೆ. ಎಷ್ಟೋ ಕೂಸುಗಳಿಗೆ ಎರೆದವರಿಗೆ ಆ ಕೈಯ ಅರ್ಥವನ್ನು ನಾನಾಗಲಿ ನೀವಾಗಲಿ ವಿವರಿಸಬೇಕಾಗಿಲ್ಲ. ವೋರ್ಪ್ಸ್‌ವೇಡೆಗೆ ಬ್ರೆಮೆನ್ ರೈಲು ನಿಲ್ದಾಣದಿಂದ ಬಸ್ಸಿದೆ, ಆದರೆ ಅಲ್ಲಿನ ಚರ್ಚಿನ ಅಂಗಳದಲ್ಲಿರುವ ಆಕೆಯ ಸಮಾಧಿಗೆ ಈಗ ಹೋಗಬೇಡಿ. ಶಿಲ್ಪಿ ಹೋಟ್ಗರ್ ಅಲ್ಲಿ ಸಾಯುತ್ತಿರುವ ತಾಯಿಯನ್ನೂ ಅವಳ ಮಡಿಲ ಮಗುವನ್ನೂ ಕೆತ್ತಿದ್ದಾನೆ, ಈ ದಿನಗಳಲ್ಲಿ ಅದು ನಿಮಗೆ ಬೇಡ. ಹೆರಿಗೆಯಾಗಿ ಚೇತರಿಸಿಕೊಂಡ ಮೇಲೆ ಹೋದಾಗ ಚರ್ಚಿನ ಒಳಗೆ ಮಗಳಿಗೆ ತೋರಿಸಲು ಒಂದು ಸಂಗತಿ ಇದೆ. 1900ರ ಬೇಸಿಗೆಯ ಒಂದು ಸಂಜೆ ಪೌಲಾ ಮತ್ತು ಅವಳ ಗೆಳತಿ, ಶಿಲ್ಪಿ ಕ್ಲಾರಾ ವೆಸ್ಟ್‌ಹೋಫ್, ಉತ್ಸಾಹ ತಡೆಯಲಾರದೆ ಗೋಪುರ ಹತ್ತಿ ಗಂಟೆಗಳನ್ನು ಬಾರಿಸಿಬಿಟ್ಟರು; ಬೆಂಕಿ ಬಿದ್ದಿತೆಂದು ಊರಿಗೆ ಊರೇ ಓಡಿ ಬಂತು. ತಪ್ಪಿಗೆ ದಂಡವಾಗಿ ಇಬ್ಬರೂ ಚರ್ಚನ್ನು ಅಲಂಕರಿಸಿಕೊಟ್ಟರು, ಕ್ಲಾರಾ ಪುಟ್ಟ ದೇವದೂತರ ತಲೆಗಳನ್ನು ಮಾಡಿದಳು, ಪೌಲಾ ಹೂಗಳನ್ನು ಬರೆದಳು. ಅವು ಈಗಲೂ ಅಲ್ಲಿವೆ.